ರಜೆಯ ಮೇಲ್ ಮುಟ್ಟಿತೇ?

ಇ-ಮೇಲ್ ಕ್ಷಣಮಾತ್ರದಲ್ಲಿ ಮುಟ್ಟುತ್ತದಂತೆ. ನಾನಿರುವ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಮಾತ್ರ ಅದರಿಂದ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಈ ಸಲ ಸಿಕ್ಕಿಕೊಂಡವನು ನಾನೇ. ಧಾರವಾಡದಲ್ಲಿ ಮಗಳ ಮದುವೆ. ರಜೆ ಬೇಕಾದವರು ಮೇಲ್‌ನಲ್ಲೇ ಕೇಳಬೇಕೆಂದು ಹೊಸ ಸಾಹೇಬರ ಆಜ್ಞೆ. ರಜೆ ಸಿಗದಿದ್ದರೆ ಧಾರೆ ಎರೆಯುವವರು ಯಾರು ಎಂಬ ಚಿಂತೆಯಲ್ಲಿ ನನಗೆ ಊಟವೇ ಸೇರುತ್ತಿರಲಿಲ್ಲ.

೧. ಜೊತೆಗೆ ಬಾರದ್ದು

‘ಸೆಂಡ್’ ಒತ್ತಿದ ಮೇಲೆ ಅನುಮಾನ ಶುರುವಾಯಿತು. ಹೋಯಿತೋ ಇಲ್ಲವೋ? ತಡೆಯಲಾರದೆ ಸಾಹೇಬರ ಕೋಣೆಗೇ ಹೋದೆ.

“ಸರ್, ಒಂದು ಮೇಲ್ ಕಳಿಸಿದ್ದೆ.”

“ಬಂದಿದೆ. ಮತ್ತೆ ನೀವ್ಯಾಕೆ ಬಂದಿರಿ?”

“ಬಂತೋ ಇಲ್ಲವೋ ಅಂತ ಕೇಳೋಕೆ, ಸರ್.”

“ಮೇಲ್ ಬಂದಿದೆ, ನೀವೂ ಬಂದಿದ್ದೀರಿ. ‘ಇದರ ಜೊತೆ ಲಗತ್ತಿಸಿದೆ’ ಅಂತ ಬರೆದಿದ್ದೀರಲ್ಲ, ಆ ಅರ್ಜಿಯೊಂದೇ ಬಂದಿಲ್ಲ.”

೨. ಬೀಗರ ಜಾಗ

ಅರ್ಜಿ ಲಗತ್ತಿಸಿ ಮತ್ತೆ ಕಳಿಸಿದೆ. ವಾರವಾದರೂ ಉತ್ತರವಿಲ್ಲ. ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿ ನಾನು ಶತಪಥ ತಿರುಗುವುದನ್ನು ನೋಡಿ ಮಗಳು, “ಪಪ್ಪಾ, ಸ್ಪ್ಯಾಮ್ ಮೇಂ ದೇಖಾ? ನೋಡಿದ್ರಾ? ಉತ್ತರ ಅಲ್ಲಿ ಬಿದ್ದಿರಬಹುದು” ಎಂದಳು.

“ಹಾಗಂದ್ರೆ?” ಹೆಂಡತಿ ಕೇಳಿದಳು.

“ಬೇಡದ ಟಪಾಲನ್ನ ಕಂಪ್ಯೂಟರೇ ಎತ್ತಿ ಹಾಕೋ ಕಸದ ಡಬ್ಬಿ” ಎಂದಳು ಮಗಳು.

ತೆರೆದೆವು. ಸಾಹೇಬರ ಉತ್ತರವಿರಲಿಲ್ಲ. ಲಾಟರಿ, ಸಾಲದ ಜಾಹೀರಾತುಗಳ ನಡುವೆ ಗಂಡಿನ ತಂದೆ ಕಳಿಸಿದ ಮೇಲ್‌ಗಳು ಸಾಲಾಗಿ ಕೂತಿದ್ದವು. ಕೊನೆಯದರಲ್ಲಿ, “ಯಾಕೆ ಮಾತೇ ಇಲ್ಲ? ಏನಾದರೂ ಬೇಸರವೇ?” ಎಂದಿತ್ತು.

ಹೆಂಡತಿ ಹಣೆ ಚಚ್ಚಿಕೊಂಡಳು: “ಮದುವೆ ಮುಗಿಯೋ ತನಕನಾದ್ರೂ ತಡೀಬಾರದಿತ್ತೇ? ಈಗಲೇ ಬೀಗರನ್ನ ಕಸಕ್ಕೆ ಹಾಕಿದೆಯಲ್ಲ ನಿಮ್ಮ ಕಂಪ್ಯೂಟರು!”

೩. ವಿಳಂಬಕ್ಕೆ ಕಾರಣ

ಬೀಗರಿಗೆ ಫೋನ್ ಮಾಡಿ ಸಮಾಧಾನಪಡಿಸಿ, ಮರುದಿನ ಸಾಹೇಬರ ಎದುರು ನಿಂತೆ.

“ನಿಮ್ಮ ಮೇಲ್ ಪ್ರಿಂಟ್ ತೆಗೆಸಿ, ಫೈಲಿಗೆ ಹಾಕಿಸಿ ಅವತ್ತೇ ಕೆಳಗೆ ಕಳಿಸಿದೆ” ಎಂದರು. ನಮ್ಮಲ್ಲಿ ಹಾಗೇ, ಕಾಗದವಾಗದೆ ಯಾವ ಮೇಲ್‌ಗೂ ಮುಕ್ತಿಯಿಲ್ಲ. “ಫೈಲ್ ವಾಪಸ್ ಬರದೆ ನಾನು ಹೇಗೆ ಉತ್ತರಿಸಲಿ? ಯಾರು ಇಟ್ಕೊಂಡು ಕೂತಿದ್ದಾರೋ ಹುಡುಕಿ, ವಿವರಣೆ ಕೇಳಿ.”

ರೋಷದಿಂದ ಹುಡುಕಹೊರಟವನಿಗೆ ಬಾಗಿಲಲ್ಲೇ ನೆನಪಾಯಿತು. ಇಡೀ ಕಚೇರಿಯ ರಜೆಯ ಫೈಲುಗಳನ್ನು ನೋಡುವವನು ನಾನೇ. ನನ್ನದೇ ಮೇಜಿನ ಮೇಲೆ, ಹಂಚಬೇಕಿದ್ದ ಲಗ್ನಪತ್ರಿಕೆಗಳ ಕಟ್ಟಿನಡಿ ಅದು ತಣ್ಣಗೆ ಮಲಗಿತ್ತು. ಎತ್ತಿಕೊಂಡು ಸಾಹೇಬರ ಬಳಿ ಒಯ್ದೆ.

“ಸಿಕ್ಕಿತಾ? ಯಾಕಂತೆ ತಡ?”

“ಪಾಪ, ಅವರ ಮನೇಲಿ ಮಗಳ ಮದುವೆಯಂತೆ, ಸರ್.”

ಸಾಹೇಬರು ಫೈಲು ನೋಡಿದರು, ನನ್ನನ್ನು ನೋಡಿದರು, ಪೆನ್ನು ತೆಗೆದರು.

“ಅಚ್ಛಾ. ಹಾಗಿದ್ದರೆ ಮೊದಲು ಅವರನ್ನ ರಜೆಯ ಮೇಲೆ ಕಳಿಸೋಣ. ಆಗಲಾದರೂ ಉಳಿದವರ ಫೈಲು ಬೇಗ ಬರುತ್ತೆ!”