ಅರ್ಧ ತಾಸಿನ ನಿಶ್ಶಬ್ದ

ಎಂಟು ದಿನದಿಂದ ಬನಹಟ್ಟಿಯ ಜಕ್ಕಪ್ಪನ ತಲೆ ಕಾದ ಹಂಚಾಗಿತ್ತು. ಮೇಲೊಂದು ರೊಟ್ಟಿ ಬಡಿದಿದ್ದರೆ ಎರಡೂ ಮಗ್ಗುಲು ಬೇಯುತ್ತಿತ್ತು. ಕಾರಣ, ಜಮಖಂಡಿಯ ಒಂದು ಮದುವೆಯ ಪಂಕ್ತಿ. ಜಕ್ಕಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಯಾವುದೋ ಗಾಯಕರ ಗುಣಗಾನ ಮಾಡುತ್ತಿದ್ದ. ಪಕ್ಕದ ಎಲೆಯ ನಿವೃತ್ತ ಹೆಡ್‌ಮಾಸ್ತರ ಕೃಷ್ಣಾಜಿಯವರು ಎಲ್ಲರಿಗೂ ಕೇಳುವಂತೆ ಅಂದರು:

"ಜಕ್ಕಪ್ಪಾ, ನೀ ಸಂಗೀತದ ಮಾತ ಆಡಬ್ಯಾಡೋ. ನಿಮ್ಮ ಊರಾಗ ಹೊತ್ತು ಹೊಂಟ್ರ ಮಗ್ಗದ್ದ ಖಟಖಟ. ಅದರಾಗ ರಾಗ ಯಾವ್ದು, ರಾಟಿ ಸಪ್ಪಳ ಯಾವ್ದು, ನಿನಗೇನ್ ತಿಳೀತದ?"

ಇಡೀ ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕ ಭರದಲ್ಲಿ ಜಕ್ಕಪ್ಪನ ತುಪ್ಪವನ್ನು ಆಚೆ ಎಲೆಗೆ ಸುರಿದ. ಮಾನವೂ ಹೋಯಿತು, ತುಪ್ಪವೂ ಹೋಯಿತು. (ಯಾವುದಕ್ಕೆ ಹೆಚ್ಚು ಸಿಟ್ಟು ಬಂದದ್ದೆಂದು ಜಕ್ಕಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ.)

ಮೂವತ್ತು ವರ್ಷ ದಿನಾ ಮುಂಜಾನೆ ಮಗ್ಗದ ಪಕ್ಕದಲ್ಲೇ ಕೂತು, ರೇಡಿಯೋ ಕಿವಿಗೆ ಒತ್ತಿಕೊಂಡು ಹಿಂದೂಸ್ತಾನಿ ಕೇಳಿದ ಜೀವ ಅದು. ಒತ್ತಿ ಒತ್ತಿ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಅಂಥವನಿಗೆ ಈ ಮಾತೇ? ಎಂಜಲು ಕೈಯಲ್ಲೇ ಎದ್ದು ನಿಂತ.

"ಮಾಸ್ತರ್, ಬರೂ ಬುಧವಾರ ಮುಂಜಾನೆ ನಮ್ಮನಿಗೆ ಬರ್ರಿ. ಏಳೂವರಿಗೆ ರೇಡಿಯೋದಾಗ ಅರ್ಧ ತಾಸು ತೋಡಿ ರಾಗ ಐತಿ. ಹಾಡಾಂವ ಉಸುರು ತಗೊಂಡದ್ದೂ ಕೇಳಬೇಕು, ಹಂಗ ಕೇಳಸ್ತೇನಿ. ಕೇಳಸ್ಲಿಲ್ಲಂದ್ರ ಆ ರೇಡಿಯೋ ನಿಮಗ ಕೊಟ್ಟು, ಮತ್ತ ಸಂಗೀತದ ಹೆಸರ ಎತ್ತೂದಿಲ್ಲ!"

ಕೈ ತೊಳೆಯುವಾಗ ನೆನಪಾಯಿತು: ತನ್ನ ಗಲ್ಲಿಯಲ್ಲಿರುವುದು ಅರವತ್ತೆರಡು ಮಗ್ಗ. ಅದರಲ್ಲಿ ಎರಡು ತನ್ನ ಮನೆಯಲ್ಲೇ. ಆ ಎರಡರ ಏಕಚಕ್ರಾಧಿಪತ್ಯ ಹೆಂಡತಿ ಶೇವಂತಿಯದು.

"ಬುಧವಾರ ಅರ್ಧ ತಾಸು ಮಗ್ಗ ನಿಂದರಸು" ಎಂದ, ಆದಷ್ಟು ಮೆತ್ತಗೆ.

"ಯಾಕ, ಯಾರ್ ಸತ್ತಾರ?"

"ಯಾರೂ ಸತ್ತಿಲ್ಲ. ಮಾಸ್ತರ್ ಬರ್ತಾರ, ಸಂಗೀತ ಕೇಳಾಕ."

"ಬರ್ಲಿ. ಚಾ ಮಾಡ್ತೇನಿ, ಚುರುಮರಿ ಸೂಸಲಾ ಮಾಡ್ತೇನಿ. ಮಗ್ಗ ಮಾತ್ರ ನಿಂದ್ರೂದಿಲ್ಲ. ಅವತ್ತ ಮಧ್ಯಾಹ್ನ ಸೀರಿ ಒಯ್ಯಾಕ ಸಾವಕಾರ್ರ ಮನಿಶ್ಯಾ ಬರ್ತಾನ. ಅವಗ ಸೀರಿ ಬದ್ಲಿ ನಿಮ್ಮ ತೋಡಿ ಮಡಚಿ ಕೊಡ್ಲೇನು?"

ಎದುರು ಮನೆಯ ಗೂಳಪ್ಪನನ್ನು ಕೇಳಿದರೆ ಅವನು ಇನ್ನೂ ಉದಾರಿ. "ನಿಂದರಸ್ತೇನಿ ಜಕ್ಕಪ್ಪಣ್ಣಾ. ಉಳದ್ದೆಲ್ಲಾ ನಿಂತ ಮ್ಯಾಲ ನಂದ ಕಡೀಕ."

ಜಕ್ಕಪ್ಪನಿಗೆ ಊರಿನ ಮೇಲೆ, ನೂಲಿನ ಮೇಲೆ, ಮಗ್ಗ ಕಂಡುಹಿಡಿದವನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ದಿವ್ಯ ಉಪಾಯವೂ ಹೊಳೆಯಿತು. ಶೇವಂತಿಯ ತಮ್ಮ ಪರಸಪ್ಪ ಲೈನ್‌ಮನ್. ತಂತಿಗೆ ತಾಗುವ ಬೇವಿನ ಟೊಂಗೆ ಕಡಿಯುವ ಕೆಲಸ ತಿಂಗಳಿಂದ ಬಾಕಿ ಇತ್ತು. ಅದನ್ನು ಬುಧವಾರ ಏಳೂವರೆಗೆ ಇಟ್ಟುಕೊಂಡರೆ? ಕರೆಂಟ್ ಹೋದರೆ ಮಗ್ಗ ನಿಲ್ಲುತ್ತವೆ. ರೇಡಿಯೋ ನಡೆಯುವುದು ಸೆಲ್ಲಿನ ಮೇಲೆ!

"ಅಕ್ಕಗ ಗೊತ್ತಾದ್ರ ನನ್ನ ಅದ ಕಂಬಕ್ಕ ಕಟ್ತಾಳ ಮಾವಾ" ಎಂದು ಪರಸಪ್ಪ ಹಿಂಜರಿದ.

"ಆಕಿಗಿ ಹೇಳಾವ್ರ್ಯಾರು?"

"ಆತು. ನಾ ಮ್ಯಾಲಿರ್ತೇನಿ, ನಿಮ್ಮ ಹಾಡ ಮುಗದ್ದ ನನಗ ಹೆಂಗ ತಿಳೀಬೇಕು?"

"ಜೋರಾಗಿ ಒಂದ್ ಕೂಗ ಹಾಕ್ತೇನಿ. ಕೂಗ ಕೇಳಿದ ಕೂಡ್ಲೆ ಹಚ್ಚಿಬಿಡು."

ಬುಧವಾರ ಕೃಷ್ಣಾಜಿಯವರು ಕರಿ ಟೊಪ್ಪಿಗೆ, ಬಿಳಿ ಧೋತರದಲ್ಲಿ ಬಂದು ಜಮಖಾನೆಯ ಮೇಲೆ ಕೂತರು. ಮುಖದಲ್ಲಿ ಪಂಕ್ತಿಯ ನಗೆ ಇನ್ನೂ ಹಾಗೇ ಇತ್ತು. ಹೊರಗೆ ಅರವತ್ತೆರಡು ಮಗ್ಗಗಳು ಗೋಡೆ ನಡುಗಿಸುತ್ತಿದ್ದವು.

"ಉಸುರು ಕೇಳಸ್ತೀ ಅಂದಿದ್ದಿ!" ಎಂದು ಮಾಸ್ತರರು ಕೂಗಿ ಹೇಳಬೇಕಾಯಿತು.

ಜಕ್ಕಪ್ಪ ಗಡಿಯಾರ ನೋಡಿದ. ರೇಡಿಯೋ ಕಿವಿ ಹಿಂಡಿದ.

ಖಟ್.

ಅರವತ್ತೆರಡೂ ಒಮ್ಮೆಗೇ ನಿಂತವು. ಆ ನಿಶ್ಶಬ್ದದಲ್ಲಿ ತಂಬೂರಿ ಜೇನಿನ ಎಳೆಯಂತೆ ಇಳಿಯಿತು. ಮಾಸ್ತರರ ಬಾಯಿ ತೆರೆಯಿತು, ಕಣ್ಣು ಮುಚ್ಚಿದವು. ಜಕ್ಕಪ್ಪನ ಮೀಸೆ ತಾನಾಗಿಯೇ ಮೇಲೆದ್ದಿತು. ಜೀವಮಾನದಲ್ಲಿ ಮೊದಲ ಸಲ ಅವನ ರೇಡಿಯೋ ನೆಲದ ಮೇಲೆ ಕೂತು ಹಾಡುತ್ತಿತ್ತು.

ಈ ಸಾಮ್ರಾಜ್ಯ ಸರಿಯಾಗಿ ಒಂದೂವರೆ ನಿಮಿಷ ಬಾಳಿತು.

ನೇಕಾರರ ಗಲ್ಲಿಯಲ್ಲಿ ಕರೆಂಟ್ ಹೋದರೆ ಮನೆಯೊಳಗೆ ಯಾರೂ ಕೂರುವುದಿಲ್ಲ. ಎಲ್ಲರೂ ಹೊರಬಿದ್ದು ದೊಡ್ಡ ಕಟ್ಟೆ ಹಿಡಿಯುತ್ತಾರೆ. ಗಲ್ಲಿಯ ದೊಡ್ಡ ಕಟ್ಟೆ ಜಕ್ಕಪ್ಪನದು. (ಮೂವತ್ತು ವರ್ಷ ತಾನೇ ಅಲ್ಲಿ ಕೂತು ಹರಟೆ ಹೊಡೆದಿದ್ದ. ಸಿಟ್ಟಿನಲ್ಲಿ ಅದೊಂದು ಮರೆತಿತ್ತು.) ಮೇಲಾಗಿ, ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲುಗಳು ಅವು. ಇಲ್ಲಿ ಗುಟ್ಟು ಹೇಳಿದರೆ ಪಕ್ಕದೂರು ರಬಕವಿಗೆ ಕೇಳುತ್ತದೆ.

"ಏ, ನಿಮ್ಮಲ್ಲೂ ಹೋತೇನೋ?"

"ಹೋತಲ್ಲೋ, ಎಳಿ ನಡಬರಕ ನಿಂತೈತಿ!"

"ಶೇವಂತಕ್ಕಾ, ಹೆಂಗೂ ಖಾಲಿ ಅದೀವಿ, ಚಾ ಇಡ ಯವ್ವಾ!" ಎಂದಳು ಪಕ್ಕದ ಮನೆಯ ಮಾದೇವಿ.

ಗೂಳಪ್ಪ ಕಿಟಕಿಯಲ್ಲಿ ತಲೆ ತೂರಿಸಿದ. "ಜಕ್ಕಪ್ಪಣ್ಣಾ, ರೇಡಿಯೋದಾಗ ಯಾರೋ ಒಂದ ಸವನ ಅಳಾಕತ್ತಾರಲ್ಲ, ಯಾರ್ ಹೋದ್ರು?"

ಮಾಸ್ತರರು ಒಂದು ಕಣ್ಣು ತೆರೆದರು.

"ಅದು ತೋಡಿ ಲೇ! ನಡಿ ಅತ್ತಾಗ!" ಜಕ್ಕಪ್ಪ ಹಲ್ಲು ಕಡಿದ.

ಅಷ್ಟರಲ್ಲಿ ಶೇವಂತಿ ಸೂಸಲಾದ ತಾಟುಗಳನ್ನು ತಂದು ಕುಕ್ಕಿದಳು. "ಯಾಂವ ಈ ಹೊತ್ತಿನಾಗ ಕರೆಂಟ್ ತಗಿಸ್ಯಾನೋ, ಅವನ ಬಾಯಾಗ ಮಣ್ಣ ಬೀಳ್ಲಿ! ಒಂದ್ ಗೇಣ ಉಳದಿತ್ತು ಸೀರಿ!" ಅದೇ ಹೊತ್ತಿಗೆ ಜಕ್ಕಪ್ಪ ಒಂದು ತುತ್ತು ಬಾಯಿಗೆ ಹಾಕಿದ್ದ. ಯಾಕೋ ಚುರುಮರಿ ಹಲ್ಲಿಗೆ ಮಣ್ಣಿನಂತೆಯೇ ಹತ್ತಿತು.

ಗಾಯಕರು ರಾಗದ ಆಳಕ್ಕಿಳಿದರು, ಕಟ್ಟೆ ಮೇಲೆ ಕಬ್ಬಿನ ಟ್ರ್ಯಾಕ್ಟರಿನ ಮಾತು ಎದ್ದಿತು. ಗಾಯಕರು ಮೇಲೇರಿದರು, ಮಾದೇವಿಯ ಸೊಸೆಯ ಸುದ್ದಿ ಅದಕ್ಕಿಂತ ಮೇಲೇರಿತು. ಮಾಸ್ತರರು ಎರಡೂ ಕಣ್ಣು ತೆರೆದು, ರೇಡಿಯೋವನ್ನು ಹೊಸ ಮಾಲೀಕನ ದೃಷ್ಟಿಯಿಂದ ನೋಡತೊಡಗಿದರು.

ಅದು ಕಂಡದ್ದೇ ಜಕ್ಕಪ್ಪನೊಳಗೆ ಏನೋ ಹರಿಯಿತು. ಬಾಗಿಲಿಗೆ ಹಾರಿ, ಎಂಟು ದಿನದ ಸಿಟ್ಟನ್ನೆಲ್ಲ ಗಂಟಲಿಗೆ ತಂದು ಗುಡುಗಿದ:

"ಬಾಯಿ ಮುಚ್ಚರ್‍ಯೋ ಎಲ್ಲಾರೂ!"

ಗಲ್ಲಿ ಗಪ್ಪಾಯಿತು. ಬೇವಿನ ಮರದ ಕಾಗೆ ಕೂಡ ಗಪ್ಪಾಯಿತು. ಆ ಮೌನದಲ್ಲಿ ರೇಡಿಯೋದೊಳಗಿನ ಗಾಯಕರು ಮುಂದಿನ ಆಲಾಪಕ್ಕೆ ಸಣ್ಣಗೆ ಉಸಿರು ಎಳೆದುಕೊಂಡರು. ಎಲ್ಲರಿಗೂ ಕೇಳಿಸಿತು. ಮಾಸ್ತರರು ಬೆರಳೆತ್ತಿ, "ಗೆದ್ದಿ ಬಿಡೋ!" ಎಂದರು.

ಅಷ್ಟರಲ್ಲಿ ಕಂಬದ ತುದಿಯಿಂದ ಪರಸಪ್ಪನ ದನಿ ಸ್ವಚ್ಛವಾಗಿ ಇಳಿದು ಬಂತು.

"ಮಾವಾ, ನಿಮ್ಮ ಕೂಗ ಕೇಳ್ತು! ಸಂಗೀತ ಲಗೂನ ಮುಗೀತಲ್ಲ? ಕರೆಂಟ್ ಹಚ್ಚಸ್ತೇನಿ! ಅಕ್ಕಗ ಮಾತ್ರ ಹೇಳಬ್ಯಾಡ್ರಿ!"

ಗಲ್ಲಿಯ ತಲೆಗಳು ಮೊದಲು ಕಂಬದ ಕಡೆ ತಿರುಗಿದವು, ಆಮೇಲೆ ಜಕ್ಕಪ್ಪನ ಕಡೆ, ಕೊನೆಗೆ ಶೇವಂತಿಯ ಕಡೆ. ಶೇವಂತಿ ಕಂಡಿಕೆಗೆ ನೂಲು ಸುತ್ತುವ ರಾಟಿಯನ್ನು ಎಳೆದು ತಂದು ಗಂಡನ ಮುಂದಿಟ್ಟಳು.

"ಕುಂಡ್ರಿ. ಸೀರಿ ಮುಗಿಯೂತನಾ ಕಂಡಿಕಿ ತುಂಬ್ರಿ. ರೇಡಿಯೋ ಮುಟ್ಟೀರಿ, ನೋಡ್ರಿ ಮತ್ತ!"

"ತೋಡಿ ಇನ್ನೂ ಹದಿನೈದ್ ನಿಮಿಷ..."

"ಅದನ್ನ ಮಾಸ್ತರ್ ಕೇಳ್ತಾರ."

ಕರೆಂಟ್ ಬಂತು. ಅರವತ್ತೆರಡು ಮಗ್ಗಗಳು ಸೇಡು ತೀರಿಸಿಕೊಳ್ಳುವಂತೆ ಎದ್ದವು. ಷರತ್ತು ಗೆದ್ದ ಜಕ್ಕಪ್ಪ ರಾಟಿ ತಿರುಗಿಸುತ್ತ ಕೂತ. ಎದುರಿಗೆ ಮಾಸ್ತರರು ಸದ್ದು ತಾಳದೆ ರೇಡಿಯೋ ಎತ್ತಿ ಎಡಗಿವಿಗೆ ಒತ್ತಿಕೊಂಡರು. ಮರುಕ್ಷಣ ಅವರ ಮುಖ ಅರಳಿತು. ತಲೆ ತೂಗಿತು, ಬೆರಳು ತೊಡೆಯ ಮೇಲೆ ಕುಣಿಯಿತು.

"ಜಕ್ಕಪ್ಪಾ! ಹಿಂಗ ಒತ್ತಿ ಹಿಡಕೊಂಡ್ರ ಎಷ್ಟ್ ಛಲೋ ಕೇಳಸ್ತದಲ್ಲೋ! ಇದನ್ನ ಆವತ್ತ ಪಂಕ್ತಿಯಾಗ ಹೇಳಿದ್ರ ಮುಗೀತಿತ್ತಲ್ಲ! ಈಗೇನ್ ತಾನ ಹೊಡದಾರ, ಕೇಳೀದೇನು?"

ಜಕ್ಕಪ್ಪ ಕಿವಿಗೊಟ್ಟ. ರಾಗ ಯಾವುದೆಂದು ತಿಳಿಯಲಿಲ್ಲ. ರಾಟಿಯ ಸಪ್ಪಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.