ಕೆಂಪು ಗಾಡಿಗೊಂದು ಕಾವಲು

ಬೆಳಿಗ್ಗೆ ಬಂದ ಒಂದು ಫೋನು ಅಗ್ನಿಶಾಮಕ ಠಾಣೆಯ ಡ್ರೈವರನ ರಜೆಗೆ ಕಲ್ಲು ಹಾಕಿತು. ಗಾಡಿ ತಯಾರಿಸಿದ ಕಂಪನಿಯವರು ಹೇಳಿದ್ದಿಷ್ಟು: ನಿಮ್ಮ ಗಾಡಿ ತಯಾರಾದ ವರ್ಷದ ನಮ್ಮ ಎಲ್ಲ ಗಾಡಿಗಳಲ್ಲೂ ಸ್ಟೀರಿಂಗ್ ಕೆಳಗಿನ ವೈರುಗಳು ಬಿಸಿಯೇರುತ್ತವೆ, ನಿಂತಲ್ಲೇ ಬೆಂಕಿ ಹತ್ತಬಹುದು. ಮೆಕ್ಯಾನಿಕ್ ಬಂದು ವೈರು ಬದಲಿಸುವ ತನಕ ಗಾಡಿಯನ್ನು ಕಟ್ಟಡಗಳಿಂದ ದೂರ ನಿಲ್ಲಿಸಿ ಕಾವಲಿಡಿ.

"ಬೆಂಕಿ ಆರಿಸೋ ಗಾಡಿಗೇ ಬೆಂಕಿ ಬೀಳುತ್ತಾ ಸಾರ್?"

"ನಗಬೇಡ. ಕಾವಲು ನೀನೇ," ಎಂದರು ಠಾಣಾಧಿಕಾರಿ.

"ಬ್ಯಾಟರಿ ಬಿಚ್ಚಿಬಿಟ್ರೆ?"

"ಕರೆ ಬಂದ್ರೆ ನೂಕ್ಕೊಂಡು ಹೋಗ್ತೀಯಾ?"

ಡ್ರೈವರನ ನಗು ಅಲ್ಲಿಗೇ ಇಂಗಿತು. ಬಾಣಂತನಕ್ಕೆ ತವರಿಗೆ ಹೋದ ಹೆಂಡತಿಯನ್ನೂ ಮಗುವನ್ನೂ ಕರೆತರುವುದು ಈಗಾಗಲೇ ಎರಡು ಸಲ ತಪ್ಪಿತ್ತು. "ಇವತ್ತೂ ಬರ್ಲಿಲ್ಲ ಅಂದ್ರೆ ನಾನು ಇಲ್ಲೇ ಇದ್ದುಬಿಡ್ತೀನಿ. ಮಗೂಗೆ ಅಪ್ಪ ಅಂತ ನಿಮ್ಮ ಫೋಟೋ ತೋರಿಸ್ತೀನಿ," ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು.

ಗಾಡಿಯನ್ನು ಠಾಣೆಯಿಂದ ತೆಗೆದು ರಸ್ತೆಯಾಚೆ ನಿಲ್ಲಿಸಿದ. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

"ಅಣ್ಣಾ, ಇಲ್ಲಿ ಬೇಡ. ಒಳಗೆ ಗಿರಾಕಿ ಅರ್ಧ ತಲೇಲಿ ಕೂತಿದಾರೆ. ಓಡೋ ಹಾಗಾದ್ರೆ ಹೇಗೆ ಓಡ್ತಾರೆ?"

ಗಾಡಿ ಬೀದಿಯ ಕೊನೆಗೆ ಹೋಯಿತು. ಅಲ್ಲಿ ನಿವೃತ್ತ ಮೇಷ್ಟ್ರು ಗೇಟಿಗೆ ಅಡ್ಡ ನಿಂತರು. "ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಕಣಪ್ಪಾ! ಬಯಲಿಗೆ ಹೋಗು."

ಬಯಲಿನ ನಡುವೆ, ಬಿಸಿಲಲ್ಲಿ, ಗಾಡಿಯ ಪಕ್ಕ ಎರಡು ಮರಳಿನ ಬಕೆಟ್ ಇಟ್ಟುಕೊಂಡು ಡ್ರೈವರ ಜ್ವರದ ಮಗುವಿನ ತಾಯಿಯ ಹಾಗೆ ಕೂತ. ಗಳಿಗೆಗೊಮ್ಮೆ ಎದ್ದು ಸ್ಟೀರಿಂಗಿನ ಕೆಳಗೆ ಕೈಯಿಟ್ಟು ನೋಡಿದ. ಹೆಂಡತಿಯ ಫೋನು ಬಂದಾಗಲೆಲ್ಲ "ಹೊರಟೆ ಕಣೇ" ಎಂದ. ಮೇಷ್ಟ್ರು ದೂರದಿಂದಲೇ "ಹೊಗೆ ಬಂತಾ?" ಎಂದು ಕೂಗುತ್ತಿದ್ದರು. ಇಲ್ಲ ಎಂದರೆ ಅವರಿಗೆ ಸ್ವಲ್ಪ ಬೇಜಾರೇ ಆಗುವಂತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಕಂಪನಿಯ ವ್ಯಾನು ಬಂದು ಬಯಲಿನ ಅಂಚಿನಲ್ಲಿ ನಿಂತಿತು. ಮೆಕ್ಯಾನಿಕ್ ಆಕಳಿಸುತ್ತ ಇಳಿದ. "ಬೆಳಗಿಂದ ಬರೀ ಇದೇ ಕೆಲಸ ಸಾರ್. ನಿಮ್ಮ ವೈರು ವ್ಯಾನಲ್ಲಿದೆ. ಚಿಟಿಕೆ ಹೊಡೆಯೋದ್ರಲ್ಲಿ ಹಾಕಿಕೊಡ್ತೀನಿ."

ಡ್ರೈವರನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬುವಷ್ಟರಲ್ಲಿ ಅವನ ಬೆನ್ನ ಹಿಂದೆ ವ್ಯಾನಿನ ಕಿಟಕಿಯಿಂದ ಕಪ್ಪು ಹೊಗೆ ಎದ್ದಿತು.

"ನಿನ್ನ ವ್ಯಾನು ಯಾವ ವರ್ಷದ್ದಯ್ಯಾ?"

"ನಿಮ್ಮ ಗಾಡಿ ವರ್ಷದ್ದೇ ಸಾರ್! ಊರೋರ ಗಾಡಿ ರಿಪೇರಿ ಮಾಡೋದ್ರಲ್ಲಿ ನಮ್ದಕ್ಕೆ ಟೈಮೇ ಸಿಗ್ಲಿಲ್ಲ!"

ಡ್ರೈವರ ದೇವರನ್ನು ನೆನೆದು ಕೆಂಪು ಗಾಡಿಯ ಕೀಲಿ ತಿರುಗಿಸಿದ. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಗಾಡಿ ಒಂದು ಕೆಮ್ಮೂ ಕೆಮ್ಮದೆ ಹೊರಟಿತು. ಠಾಣೆಯವರು ಓಡಿಬಂದು ಪೈಪು ಹಿಡಿದರು, ನೊರೆ ಚಿಮ್ಮಿತು, ಬೆಂಕಿ ಆರಿತು. ಯಾರಿಗೂ ಒಂದು ಬೊಬ್ಬೆಯೂ ಏಳಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ಅಣ್ಣಾ, ಗಾಡಿ ನಮ್ಮಂಗಡಿ ಮುಂದೇನೇ ನಿಲ್ಲಿಸಿ, ಧೈರ್ಯವಾಗಿರುತ್ತೆ," ಎಂದ ಕ್ಷೌರದವನು.

"ಮೊದಲು ನಮ್ಮ ಗೇಟು!" ಎಂದರು ಮೇಷ್ಟ್ರು.

ಡ್ರೈವರ ಹಣೆ ಒರೆಸಿಕೊಂಡು ಉಸಿರು ಬಿಟ್ಟ. "ಸದ್ಯ, ಗೆದ್ವಿ. ಇನ್ನು ಆ ವೈರು ಹಾಕಿಬಿಡಯ್ಯಾ, ನಾನು ಹೊರಡ್ಬೇಕು."

ಮೆಕ್ಯಾನಿಕ್ ನೊರೆಯೊಳಗೆ ಕೈ ಹಾಕಿ, ಕರಗಿದ ಕರಿಮುದ್ದೆಯೊಂದನ್ನು ಎತ್ತಿ ತೋರಿಸಿದ. "ಇದೇ ಸಾರ್ ಆ ವೈರು. ಇನ್ನೊಂದು ನಾಳೆ ಬರುತ್ತೆ."

ಠಾಣಾಧಿಕಾರಿ ಮೆಲ್ಲನೆ ಮರಳಿನ ಬಕೆಟ್ಟುಗಳನ್ನು ಡ್ರೈವರನ ಕಡೆಗೆ ತಳ್ಳಿದರು.

ಹೆಂಡತಿಯ ಫೋನು ಮತ್ತೆ ಹೊಡೆದುಕೊಂಡಿತು. ಡ್ರೈವರ ಈ ಸಲ ನಿಜ ಹೇಳಿದ.

"ನಿಮಗೇನೂ ಆಗಿಲ್ಲ ತಾನೇ?"

"ಇಲ್ಲ ಕಣೇ. ಆದ್ರೆ ಗಾಡಿ ಬಿಟ್ಟು ಬರೋ ಹಾಗಿಲ್ಲ."

"ಅಬ್ಬಾ! ಜೀವ ಬಂತು," ಎಂದಳು. ದನಿ ಮೆತ್ತಗಾಗಿತ್ತು. "ಬಿಡ್ಬೇಡಿ, ನಿಮ್ಮ ಸಾಹೇಬ್ರನ್ನ ಕೇಳಿ ಗಾಡೀನೂ ಹೊಡ್ಕೊಂಡು ಬನ್ನಿ. ರಾತ್ರಿ ನಮ್ಮನೆ ಮುಂದೇನೇ ನಿಂತಿರ್ಲಿ."

ಡ್ರೈವರ ಆಸೆಯಿಂದ ಸಾಹೇಬರ ಕಡೆ ತಿರುಗಿದ. ಅಷ್ಟರಲ್ಲಿ ಫೋನಿನೊಳಗಿಂದ ಮಾವನವರ ಗಂಟಲು ಬಯಲೆಲ್ಲ ಕೇಳಿಸಿತು:

"ಅಳಿಯಂದಿರು ಯಾವಾಗ ಬೇಕಾದ್ರೂ ಬರ್ಲಿ ಕಣಮ್ಮಾ! ಆ ಗಾಡಿ ಮಾತ್ರ ನಮ್ಮ ಬೀದಿಗೆ ಬೇಡ!"