ಮಾಳಪ್ಪನ ಬಾಗಿಲಿಗೆ ಬಂದ ಬೀಗರು

ಈ ಚಹಾದ ಕಪ್ಪು ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಿದ್ದರೆ ಇನ್ನು ಮೇಲೆ ನಾನು ತಿನ್ನುವ ಕರದಂಟಿನ ತುಂಬ ಹರಳೇ ಸಿಗಲಿ. ಮೊದಲೇ ನನಗೆ ಹಲ್ಲು ಕಡಿಮೆ. ಕೂತುಕೊಳ್ಳಿ, ನಿಮ್ಮ ಚಹಾ ಆರುವುದರೊಳಗೆ ಮುಗಿಸುತ್ತೇನೆ.

ಕಲ್ಲೋಳಿಯ ಮಾಳಪ್ಪ ಕುರಿ ಕಾಯುವವನು. ಧೈರ್ಯವಂತನೇನಲ್ಲ, ಟಗರು ಕೆಮ್ಮಿದರೆ ತಾನೇ ಬದಿಗೆ ಸರಿದು ದಾರಿ ಬಿಡುವ ಮನುಷ್ಯ. ಅವನ ತೊಂದರೆಗೆಲ್ಲ ಕಾರಣ ಒಂದು ಕುಂಟ ಮರಿ. ಅದನ್ನು ಹುಡುಕುತ್ತ ಜಾಲಿಕಂಟಿಯಲ್ಲಿ ಬಗ್ಗಿದ್ದಾಗ, ಊರ ದೊಡ್ಡವನಾದ ಸಿದ್ರಾಯ ತನ್ನ ಟ್ರ್ಯಾಕ್ಟರನ್ನು ಬೇಕೆಂದೇ ಕಾಸೀಮಸಾಬನ ಸೈಕಲ್ಲಿನ ಮೇಲೆ ಹಾಯಿಸಿದ್ದನ್ನು ಕಣ್ಣಾರೆ ಕಂಡ. ಗಾದಿ ಹೊಲಿದು ಮಗಳು ಉಜ್ಮಾಳನ್ನು ಕಾಲೇಜು ಓದಿಸುತ್ತಿದ್ದ ಕಾಸೀಮಸಾಬ ಮಾಳಪ್ಪನ ಸಣ್ಣಂದಿನ ಗೆಳೆಯ. ಹೊಲದ ದಾರಿಯ ಜಗಳದಲ್ಲಿ ಸಿದ್ರಾಯನಿಗೆ ಎದುರಾಡಿದ್ದಷ್ಟೇ ಅವನ ತಪ್ಪು. ಸೈಕಲ್ಲಿನ ಮೇಲಿದ್ದ ಅವನ ಕಾಲು ಮುರಿಯಿತು. "ನನ್ನ ಟ್ರ್ಯಾಕ್ಟರ ಅವತ್ತ ಮನ್ಯಾಗ ಇತ್ತು" ಅಂದ ಸಿದ್ರಾಯ. ಅಲ್ಲ ಅನ್ನಲು ಊರಿನಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಮಾಳಪ್ಪನಿಗೆ ಬಾಯಿ ಬಂತು, ಆದರೆ ಕೋರ್ಟಿನ ಮೆಟ್ಟಿಲ ತನಕ ಹೋಗಿ ಎರಡು ಸಲ ತಿರುಗಿ ಬಂದ. ಸರ್ಕಾರಿ ವಕೀಲೆ ವಿದ್ಯಾ ಮೇಡಂ ಧೈರ್ಯ ಹೇಳಿದರು.

"ಸಾಕ್ಷಿ ಹೇಳಾವ್ರಿಗೆ ರಕ್ಷಣಾ ಕೊಡಾಕ ಕಾಯ್ದೇದಾಗ ದಾರಿ ಐತ್ರಿ ಮಾಳಪ್ಪಾರ. ಪೊಲೀಸರ ಮನೀಗೆ ಬಂದ ಕರಕೊಂಡ ಹೋಗ್ತಾರ. ಕೋರ್ಟಿನ್ಯಾಗ ಪರದೇ ಹಿಂದ ಕೂಡಸ್ತಾರ. ಸಿದ್ರಾಯಗ ನಿಮ್ಮ ನೆಳ್ಳ ಸುದ್ದಾ ಕಾಣಂಗಿಲ್ಲ. ಆದ್ರ ನೀವೂ ಯಾರ ಮುಂದೂ ಬಾಯಿ ಬಿಡಬಾರದ ನೋಡ್ರಿ."

"ಕಾಸೀಮನ ಮುಂದೂ?"

"ಯಾರ ಮುಂದೂ."

ಮಾಳಪ್ಪ ಗುಟ್ಟನ್ನು ನುಂಗಿಕೊಂಡ. ಗೆಳೆಯನ ಮನೆಯ ಕಡೆ ಹೋಗುವುದನ್ನೇ ಬಿಟ್ಟ. ಹೋದರೆ ಬಾಯಿ ತಾನಾಗಿ ತೆರೆದೀತೆಂಬ ಹೆದರಿಕೆ.

ಸಾಕ್ಷಿಯ ದಿನ ಬೆಳಿಗ್ಗೆ ಬೋರ್ಡಿಲ್ಲದ ಜೀಪು ಬಂತು. ಇಳಿದವನು ಪೇದೆ ಸೋಮಶೇಖರ, ಸಾದಾ ಬಟ್ಟೆಯಲ್ಲಿ. ಬಟ್ಟೆ ಮಾತ್ರ ಸಾದಾ. ಮೀಸೆ, ಬೂಟು, ನಿಂತ ಭಂಗಿ ಎಲ್ಲ ಠಾಣೆಯದೇ. ಅವನು ಹೊಸ್ತಿಲು ದಾಟುವುದರೊಳಗೆ ಬಾಜೂ ಮನೆಯ ರಾಯವ್ವ ಪ್ರತ್ಯಕ್ಷಳಾದಳು. ಓಣಿಗೆ ಮೊಬೈಲ್ ಟವರು ಬರುವ ಮೊದಲಿನಿಂದಲೂ ಆ ಕೆಲಸ ಅವಳದೇ.

"ಯಾರೋ ಮಾಳಪ್ಪ ಇವ್ರು?"

ಮಾಳಪ್ಪ ಪೇದೆಯ ಬೂಟು ನೋಡಿದ, ರಾಯವ್ವನ ಮುಖ ನೋಡಿದ. "ಇವ್ರು... ಬೀಗರು."

ಮದುವೆಗೆ ಬಂದ ಮಗಳಿರುವ ಮನೆಗೆ ಇಸ್ತ್ರಿ ಷರ್ಟಿನ ಹರೆಯದವನು ಬಂದು ನಿಂತರೆ, ಅವನನ್ನು ಬೀಗರು ಎಂದರೆ, ಅದರರ್ಥ ಓಣಿಯ ನಾಯಿಗೂ ಗೊತ್ತು.

"ಅಯ್ಯ ಶಿವನ! ಮಾಯಾನ ನೋಡಾಕ ವರ ಬಂದಾನ, ನಮಗೊಂದ ಮಾತ ಹೇಳಬಾರದೇನೋ?"

ಅಷ್ಟೇ. ಓಣಿ ಒಳಗೆ ನುಗ್ಗಿತು. ಉಪ್ಪಿಟ್ಟು ಬಂತು, ಚಹಾ ಬಂತು, ಅಂಟಿನ ಉಂಡಿ ಬಂತು.

"ಏನ ನೌಕರಿ ಮಾಡ್ತೀರಿ ತಮ್ಮಾ?"

"ಸರ್ಕಾರಿ" ಅಂದ ಸೋಮಶೇಖರ. ಅದಕ್ಕಿಂತ ಹೆಚ್ಚು ಹೇಳಲು ಮೇಲಿನವರ ಅಪ್ಪಣೆ ಇರಲಿಲ್ಲ. ಹೆಂಗಸರು ಒಟ್ಟಿಗೇ ಉಸಿರು ಬಿಟ್ಟರು. ಬಂದ ಬೀಗರನ್ನು ಬರಿಗೈಲಿ ಕಳಿಸುವ ಪದ್ಧತಿ ಈ ಸೀಮೆಯಲ್ಲಿಲ್ಲ. ಅವನ ಹಣೆಗೆ ಕುಂಕುಮ ಬಿತ್ತು, ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಟಾವೆಲ್ಲು, ಮಡಿಲಿಗೆ ತೆಂಗಿನಕಾಯಿ. ಬಾಗಿಲ ಸಂದಿಯಿಂದ ಮಾಯಾ ಪಿಸುಗುಟ್ಟಿದಳು:

"ಅಪ್ಪಾ, ನಾ ಇವರ್ನ ಒಲ್ಲೆ. ನೋಡಾಕ ಪೊಲೀಸರಂಗ ಅದಾರ."

"ಈಗ ಎಲ್ಲಿಗೆ ಹೊಂಟ್ರಿ?" ಎಂದಳು ರಾಯವ್ವ.

"ಗೋಕಾಕಕ್ಕ..." ಅಂದುಬಿಟ್ಟ ಮಾಳಪ್ಪ.

"ಸೀರಿ ತರಾಕ! ಅದೂ ನಮ್ಮನ್ನ ಬಿಟ್ಟ!"

ಹೀಗೆ, ಯಾರ ಕಣ್ಣಿಗೂ ಬೀಳದೆ ಕೋರ್ಟು ಸೇರಬೇಕಾಗಿದ್ದ ಸಾಕ್ಷಿಯ ಜೀಪಿನ ಹಿಂದೆ ಒಂದು ಟೆಂಪೊ ತುಂಬ ಹೆಂಗಸರು ಸೋಬಾನ ಹಾಡುತ್ತ ಬಂದರು. ಮಂತ್ರಿಗಳಿಗೂ ಅಂಥ ಮೆರವಣಿಗೆ ಸಿಕ್ಕಿರಲಾರದು.

ಕೋರ್ಟಿನೊಳಗೆ ಮಾತ್ರ ಎಲ್ಲ ಕಾಯ್ದೆಯಂತೆ ನಡೆಯಿತು. ಬಾಗಿಲು ಮುಚ್ಚಿದರು, ಪರದೆ ಎಳೆದರು. ಮಾಳಪ್ಪ ಅದರ ಹಿಂದೆ ಕೂತು, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಜೀವನದಲ್ಲಿ ಮೊದಲ ಸಲ ತಾನು ಎತ್ತರದ ಮನುಷ್ಯ ಅನ್ನಿಸಿತು ಅವನಿಗೆ. ಆಗ ಕಿಟಕಿಯ ಸರಳುಗಳ ನಡುವೆ ಎರಡು ಸೀರೆ ತೂರಿ ಬಂದವು, ಅವುಗಳ ಹಿಂದೆ ರಾಯವ್ವನ ಮುಖ.

"ಮಾಳಪ್ಪಾ! ಎಲ್ಲಿ ಅದೀಯೋ? ಮಾಯಾಗ ಹಸರ ತಗೊಳ್ಳೂಣೋ, ಕೆಂಪೋ?"

ನ್ಯಾಯಾಧೀಶರು ಕನ್ನಡಕ ತೆಗೆದರು. ಕಟಕಟೆಯಲ್ಲಿದ್ದ ಸಿದ್ರಾಯ ಪರದೆಯ ಕಡೆ ತಿರುಗಿ, ಬಹಳ ಪ್ರೀತಿಯಿಂದ ಅಂದ: "ಹಸರ ತಗೋ ಮಾಳಪ್ಪ. ಮಾಯಾಗ ಚಲೋ ಒಪ್ತೈತಿ."

ಪರದೆ ಇದ್ದೂ ಇಲ್ಲದಂತಾಯಿತು ಮಾಳಪ್ಪನಿಗೆ. ಆದರೂ, ಹೇಳಿದ್ದು ಹೇಳಿಯಾಯಿತು, ಗೆಳೆಯನ ಕಾಲಿಗೆ ನ್ಯಾಯ ಸಿಕ್ಕೀತು ಎಂದು ಸಮಾಧಾನ ಮಾಡಿಕೊಂಡು ಅಲ್ಲೇ ಕೂತ.

ಮುಂದೆ ಕಾಸೀಮಸಾಬನನ್ನು ಕರೆದರು. ಅವನು ಕಂಕುಳಲ್ಲಿ ಕೋಲು ಊರಿಕೊಂಡು ಬಂದು ನೆಲ ನೋಡುತ್ತ ನಿಂತ.

"ಟ್ರ್ಯಾಕ್ಟರ ಗೀಕ್ಟರ ಏನೂ ಬಂದಿರಲಿಲ್ರಿ ಸಾಹೇಬ್ರ. ಆಯ ತಪ್ಪಿ ನಾನ ಬಿದ್ದೆ."

ವಿದ್ಯಾ ಮೇಡಂ ಎಷ್ಟು ಸಲ ಕೇಳಿದರೂ ಅದೇ ಮಾತು. ಪೆಟ್ಟು ತಿಂದವನೇ ಪೆಟ್ಟಿಲ್ಲ ಎಂದ ಮೇಲೆ ಕೇಸಿನಲ್ಲಿ ಉಳಿಯುವುದೇನು?

ಹೊರಗಿನ ಪಡಸಾಲೆಯಲ್ಲಿ ಮಾಳಪ್ಪ ಅವನ ತೋಳು ಹಿಡಿದ. "ಯಾಕೋ ಕಾಸೀಮ? ನಾ ಎಲ್ಲಾ ಹೇಳಿದ್ನೆಲ್ಲೋ!"

ಕಾಸೀಮಸಾಬ ಅವನನ್ನೇ ನೋಡಿದ. "ಆ ಪರದೇ ಹಿಂದ... ನೀ ಇದ್ದೇನೋ?"

"ನಾನ."

"ಸಿದ್ರಾಯ ದಿನಾ ಮನೀಗೆ ಬರತಿದ್ದ ಮಾಳ್ಯಾ. ಚಾ ಕುಡದ, ಉಜ್ಮಾ ಕಾಲೇಜಿಂದ ಯಾವ ಬಸ್ಸಿಗೆ ಬರ್ತಾಳ ಅಂತ ಕೇಳಿ ಹೋಗ್ತಿದ್ದ. ನೀನೂ ಬರೂದ ಬಿಟ್ಟಿ. ನಾ ಒಬ್ಬನ ಅದೇನಿ ಅಂದ್ಕೊಂಡೆ." ಕೋಲು ಸರಿಮಾಡಿಕೊಂಡ. "ನೀ ಅದಿ ಅಂತ ಗೊತ್ತಿದ್ರ ನಾನೂ ಹೇಳತಿದ್ನೋ."

ಇಡೀ ಊರಿನಲ್ಲಿ ಮಾಳಪ್ಪನ ಗುಟ್ಟು ಗುಟ್ಟಾಗಿ ಉಳಿದದ್ದು ಈ ಒಬ್ಬ ಗೆಳೆಯನಿಗೆ ಮಾತ್ರ. ಸೋಮಶೇಖರನ ಡ್ಯೂಟಿ ಮುಗಿದಿತ್ತು. ಟೊಪ್ಪಿಗೆ ತೆಗೆದು ಜೀಪು ಹತ್ತಿದ. ಸಿದ್ರಾಯ ಎಲ್ಲರಿಗೂ ಕೈಮುಗಿಯುತ್ತ ಹೊರಗೆ ಬಂದ. ಮಾಳಪ್ಪ ಟೆಂಪೊದಲ್ಲಿ, ಹಸಿರು ಸೀರೆಯ ಗಂಟಿನ ಪಕ್ಕ ಕೂತು ಊರಿಗೆ ಹೋದ.

ಅಗೋ, ಜವಾನ ಕೂಗುತ್ತಿರುವುದು ನಿಮ್ಮ ಹೆಸರೇ ಇರಬೇಕು. ನೀವೂ ಸಾಕ್ಷಿಯೇ ತಾನೆ? ಹೆದರಬೇಡಿ. ಈಗ ಪರದೆ ಹೊಸದು ಹಾಕಿದ್ದಾರೆ, ಕಿಟಕಿಗೆ ಜಾಳಿಗೆಯನ್ನೂ ಬಡಿಸಿದ್ದಾರೆ. ನೀವು ಒಳಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ... ಅಲ್ರೀ, ಕೋರ್ಟು ಈ ಕಡೆ! ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಒಳಗೆ ನಿಮ್ಮ ಸಾಕ್ಷಿಯನ್ನೇ ನಂಬಿ ದಾರಿ ಕಾಯುತ್ತಿರುವ ಆ ಬಡವನ ಗತಿಯೇನು?